ಮಂಡಕ್ಕಿ ಚೀಲದಲ್ಲಿ ಗಣಿತ

ನಮ್ಮ ಮನೆಯಲ್ಲಿ ಬುದ್ಧಿ ಬಡಿಸುವಾಗ ಮೇಲಿನವನು ಸೌಟು ತುಂಬ ಅಕ್ಕನ ತಟ್ಟೆಗೆ ಹಾಕಿಬಿಟ್ಟ. ನನ್ನ ತಟ್ಟೆಯ ಹತ್ತಿರ ಬರುವ ಹೊತ್ತಿಗೆ ಪಾತ್ರೆಯ ತಳ ಕೆರೆಯುತ್ತಿದ್ದ. ಪಾಪ ಅನ್ನಿಸಿರಬೇಕು, ಬದಲಿಗೆ ಬಾಯಿ ಕೊಟ್ಟ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹುಟ್ಟಿದವಳಿಗೆ ಬಾಯಿ ಜೋರಿದ್ದರೆ ನಷ್ಟವೇನೂ ಇಲ್ಲ, ಆದ್ದರಿಂದ ನಾನು ತಕರಾರು ಮಾಡಲಿಲ್ಲ.

ಅಕ್ಕನನ್ನು ನಾನು ಕರೆಯುವುದು ಆಪಾ ಎಂದು. ಅಪ್ಪ ಅಬ್ಬಾ, ಅಮ್ಮ ಅಮ್ಮಿ. ನಮ್ಮ ಮನೆಯ ಮಾತು ಉರ್ದು, ಕನ್ನಡ ಎರಡೂ ಕಲಸಿದ್ದು. ಯಾವಾಗ ಯಾವುದು ಬಾಯಿಗೆ ಬರುತ್ತದೆ ಎಂದು ಹೇಳಲಾಗದು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ಆಪಾ ನನಗೆ ಸರಿಯಾಗಿ ಬರೆಯಲು ಕಲಿಸಿದ್ದು ಅದೊಂದನ್ನೇ.

ಗಣಿತ ಕಲಿಸಲೂ ಪ್ರಯತ್ನಪಟ್ಟಳು. ಹತ್ತನೇ ಕ್ಲಾಸಿನಲ್ಲಿ ನಾನು ಗಣಿತ ಒಂದರಲ್ಲೇ ಗೋತಾ ಹೊಡೆದಾಗ, ಅಬ್ಬಾನ ಭಟ್ಟಿಯ ಹಿಂದಿನ ಗೋದಾಮಿನಲ್ಲಿ ನನ್ನನ್ನು ಕೂರಿಸಿಕೊಂಡು ಮುಂದೆ ಒಂದು ಮೊರ ಮಂಡಕ್ಕಿ ಸುರಿದು ಭಿನ್ನರಾಶಿ ಶುರುಮಾಡಿದಳು. ಗೆರೆಯ ಮೇಲೆ ಇಷ್ಟು ಕಾಳು, ಕೆಳಗೆ ಇಷ್ಟು ಕಾಳು. ಅವಳು ವಿವರಿಸಿ ತಲೆ ಎತ್ತುವಷ್ಟರಲ್ಲಿ ಗೆರೆಯ ಮೇಲಿನದು ನನ್ನ ಬಾಯಲ್ಲಿರುತ್ತಿತ್ತು. "ಈಗ ಎಷ್ಟು ಉಳೀತು ಹೇಳು ಮತ್ತೆ," ಅನ್ನುತ್ತಿದ್ದಳು, ಒಂದಿಷ್ಟೂ ಬೇಜಾರಿಲ್ಲದೆ. ಎರಡನೇ ಸಲಕ್ಕೆ ನಾನು ಪಾಸಾದೆ. ಅವಳು ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲು ಬಂದ ವರ್ಷ ಅದು, ಆದರೆ ಓಣಿ ತುಂಬ ಅವಳು ಹೇಳಿಕೊಂಡು ತಿರುಗಿದ್ದು ನನ್ನ ಪಾಸನ್ನು.

ಅಬ್ಬಾ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗೆ ಗೊತ್ತಿದ್ದದ್ದು ಉರಿ. ಭತ್ತದ ಹೊಟ್ಟು ಹಾಕಿ ಒಲೆ ಉರಿಸಿ, ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಆ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಉರಿ ಕಡಿಮೆಯಾದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಕರಿ ಹಿಡಿಯುತ್ತದೆ. ಹೆಚ್ಚಾಯಿತು ಅನ್ನಿಸಿದ ಕೂಡಲೇ ಅಬ್ಬಾ ಕೂಗುತ್ತಿದ್ದರು, "ಉರಿ ತೆಗೀರೋ, ಉರಿ ತೆಗೀರಿ!" ಈ ಒಂದು ಮಾತು ನಮ್ಮ ಮನೆಯಲ್ಲಿ ಎಂಥ ಕೆಲಸ ಮಾಡಿತು ಎಂಬುದೇ ನಾನು ಹೇಳಹೊರಟ ಸಂಗತಿ.

ಆಪಾ ಎಂ.ಎಸ್ಸಿ. ಗಣಿತಕ್ಕೆ ಸೇರಿದಳು. ದಿನಾ ಬಸ್ಸಿನಲ್ಲಿ ಯೂನಿವರ್ಸಿಟಿಗೆ ಹೋಗಿ ಬರುತ್ತಿದ್ದಳು. ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಾಗ, ಅವಳಿಗೆ ನಿದ್ದೆ ಬೇಡವಾಯಿತು. ಮೊದಮೊದಲು ನಮಗೆಲ್ಲ ಹೆಮ್ಮೆ. ಎಷ್ಟು ಓದುತ್ತಾಳೆ ನೋಡಿ ಅಂತ ಅಮ್ಮಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಆಮೇಲೆ ಆಪಾಳ ಮಾತು ಜೋರಾಯಿತು, ಒಂದು ಮುಗಿಯುವ ಮೊದಲೇ ಇನ್ನೊಂದು. ಬೆಳಗಿನ ನಮಾಜಿನ ಹೊತ್ತಿಗೆ ಎದ್ದು ಓಣಿಯ ಬಾಗಿಲುಗಳನ್ನೆಲ್ಲ ತಟ್ಟಿ ಮಕ್ಕಳನ್ನು ಎಬ್ಬಿಸತೊಡಗಿದಳು. "ಬರ್ರಿ, ಎಲ್ಲಾರೂ ಬರ್ರಿ, ಗಣಿತ ಹೇಳ್ಕೊಡ್ತೀನಿ, ಈ ಓಣಿಯಾಗ ಒಬ್ರೂ ಫೇಲಾಗಬಾರದು!" ನಿದ್ದೆಗಣ್ಣಿನ ಮಕ್ಕಳು ಸಾಲಾಗಿ ಗೋದಾಮಿನಲ್ಲಿ ಕೂತದ್ದನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವಳ ಕಣ್ಣು ಹೊಳೆಯುತ್ತಿದ್ದ ರೀತಿ ನೋಡಿ ನಗು ನಿಂತಿತು.

ಒಂದು ಮಧ್ಯಾಹ್ನ ಆಪಾ ಮನೆಯಲ್ಲಿರಲಿಲ್ಲ. ಹುಡುಕಿ ಹುಡುಕಿ ಸುಸ್ತಾದ ಮೇಲೆ ಹರಿಹರದಿಂದ ಫೋನು ಬಂತು. ಅಲ್ಲಿರುವುದು ಅಬ್ಬಾನ ತಂಗಿ, ನಮಗೆ ಫುಪ್ಪು. ಹೊಳೆಯ ಹತ್ತಿರ ಮನೆ. ಆಪಾ ಬರಿಗಾಲಲ್ಲಿ ರಸ್ತೆ ಹಿಡಿದು ಹರಿಹರದವರೆಗೆ ನಡೆದುಬಿಟ್ಟಿದ್ದಳು. ಯಾರಿಗೂ ಹೊಳೆಯದ ಒಂದು ಲೆಕ್ಕ ತನಗೆ ಹೊಳೆದಿದೆ, ಅದನ್ನು ಫುಪ್ಪುಗೆ ಹೇಳಬೇಕಿತ್ತಂತೆ. ಫುಪ್ಪುಗೆ ಮಗ್ಗಿ ಕೂಡ ಬರದು. "ಕಾಲು ತುಂಬ ರಕ್ತ, ಮುಖ ನೋಡಿದ್ರ ಹಬ್ಬ," ಅಂತ ಫುಪ್ಪು ಫೋನಿನಲ್ಲಿ ಅತ್ತಳು. "ನಾನು ಕಾಲು ತೊಳೀತಿದೀನಿ, ಅವಳು ಲೆಕ್ಕ ಹೇಳ್ತಾನೇ ಅದಾಳ. ನಾನು ಹೂಂ ಹೂಂ ಅಂತಿದೀನಿ."

ಏರಿದ್ದು ಇಳಿಯಿತು. ಇಳಿದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಪರೀಕ್ಷೆ ಬಂತು, ಹೋಯಿತು. ಕೆ.ಬಿ. ಬಡಾವಣೆಯಲ್ಲಿ ಒಬ್ಬರು ಮನೋವೈದ್ಯೆ ಇದ್ದಾರೆಂದು ಯಾರೋ ಹೇಳಿದರು, ಅಲ್ಲಿಗೆ ಕರೆದೊಯ್ದೆವು. ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ತೀರ ಇಳಿಯುವ ಕಾಯಿಲೆ, ಗುಳಿಗೆ ಬಹಳ ಕಾಲ ಬೇಕು, ನಿದ್ದೆ ಕೆಡಬಾರದು ಎಂದರು ಡಾಕ್ಟರು. "ಸ್ವಲ್ಪ ದಿನ ತಲೆಗೆ ವಿಶ್ರಾಂತಿ ಕೊಡಿ," ಎಂದೂ ಹೇಳಿದರು. ಎಲ್ಲರೂ ತಲೆ ಆಡಿಸಿದೆವು.

ಅಷ್ಟರಲ್ಲಿ ಓಣಿ ತನ್ನ ತೀರ್ಪು ಕೊಟ್ಟಾಗಿತ್ತು: ಓದಿ ಓದಿ ತಲೆ ಕೆಟ್ಟಿತು. ಸಮಾಧಾನ ಹೇಳಲು ಬಂದವರೆಲ್ಲ ಒಬ್ಬೊಬ್ಬ ಜಾಣನ ಕಥೆ ತಂದರು. ಒಬ್ಬರ ಷಡ್ಡಕನ ಮಗ ರ್‍ಯಾಂಕ್ ಬಂದವನು, ಈಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಮಾತಾಡುತ್ತಾನೆ. ಇನ್ನೊಬ್ಬರ ಊರಿನ ಮೇಷ್ಟ್ರು ಇಂಗ್ಲಿಷ್ ಹೆಚ್ಚಾಗಿ ಬಟ್ಟೆ ಬಿಚ್ಚಿದರಂತೆ. "ಅತೀ ಜಾಣರ ಹಣೇಬರನೇ ಇಷ್ಟು ಬಿಡ್ರಿ," ಅಂತ ಚಹಾ ಹೀರಿ ಹೋಗುತ್ತಿದ್ದರು. ಓದಿದ ಹುಡುಗಿ ಹಾಸಿಗೆ ಹಿಡಿದರೆ ಕೆಲವರಿಗೆ ಒಳಗೊಳಗೇ ಒಂದು ನೆಮ್ಮದಿ. ತಮ್ಮ ಮಕ್ಕಳ ಮಾರ್ಕ್ಸ್ ಕಾರ್ಡು ಅವತ್ತು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ. ನನಗೆ ಇದು ಆಗಲೇ ಅರ್ಥವಾಗಿತ್ತು. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಟ್ಟು ಅಮ್ಮಿಯಿಂದ ಬೈಸಿಕೊಂಡೆ.

ಅಬ್ಬಾ ಬಂದವರಿಗೆ ಮಂಡಕ್ಕಿ ಕಟ್ಟಿಕೊಟ್ಟು ಕಳಿಸುತ್ತಿದ್ದರು. ಆದರೆ ಅವರ ತಲೆಯಲ್ಲಿ ಮರಳಿನ ಬಾಣಲೆ ಕೂತಿತ್ತು. ಒಂದು ದಿನ ಬೆಳಗ್ಗೆ ಎದ್ದು ಹೇಳಿದರು: "ಉರಿ ಹೆಚ್ಚಾಗೈತೆ. ಉರಿ ತೆಗೀಬೇಕು."

ಉರಿ ಅಂದರೆ ಪುಸ್ತಕ. ಅಲ್ಮೇರಾದಲ್ಲಿದ್ದದ್ದು, ಕಿಟಕಿಯಲ್ಲಿದ್ದದ್ದು, ದಿಂಬಿನ ಕೆಳಗಿದ್ದದ್ದು, ಎಲ್ಲವನ್ನೂ ಅಬ್ಬಾ ತಾವೇ ಮಂಡಕ್ಕಿ ಚೀಲಗಳಿಗೆ ತುಂಬಿದರು. ಬೇರೆ ಏನಿತ್ತು ನಮ್ಮ ಹತ್ತಿರ? ಮಂಡಕ್ಕಿ ಚೀಲ ಆಳೆತ್ತರ ಇರುತ್ತದೆ, ತೂಕ ಇರುವುದಿಲ್ಲ. ನಮ್ಮ ಹಮಾಲಿ ಎರಡೆರಡು ಚೀಲ ಹೆಗಲಿಗೇರಿಸಿ ಬೀಡಿ ಸೇದುತ್ತಾ ನಡೆಯುವವನು. ಅವತ್ತೂ ಅದೇ ಧೈರ್ಯದಲ್ಲಿ ಬಗ್ಗಿ ಎತ್ತಲು ಹೋಗಿ, ಚೀಲ ಅಲ್ಲೇ ಉಳಿದು ತಾನು ಅದರ ಮೇಲೆ ಕವುಚಿಬಿದ್ದ. "ಏನ್ರೀ ಸಾಹೇಬ್ರೆ, ಮಂಡಕ್ಕಿ ಒಳಗ ಕಲ್ಲು ತುಂಬೀರೇನ್ರಿ!" ಅಮ್ಮಿಗೂ ನಗು ತಡೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಪಾ ನಗಲೂ ಇಲ್ಲ, ತಡೆಯಲೂ ಇಲ್ಲ. ಚೀಲಗಳು ಗೂಡ್ಸ್ ಗಾಡಿಯಲ್ಲಿ ಹರಿಹರಕ್ಕೆ, ಫುಪ್ಪುವಿನ ಅಟ್ಟಕ್ಕೆ ಹೋದವು. ಗಾಡಿ ತಿರುವು ದಾಟಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ, ಅದು ತಣ್ಣಗಿತ್ತು.

ಅವಳು ಯಾಕೆ ತಡೆಯಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅವಳಿಗೂ ಒಂದು ನಂಬಿಕೆ ಇತ್ತು, ಅಬ್ಬಾನ ನಂಬಿಕೆಗೆ ಬೆನ್ನಿಗೆ ಬೆನ್ನು ಹಚ್ಚಿ ಕೂತಂಥದ್ದು. ಗಣಿತದಿಂದ ಕಾಯಿಲೆ ಬಂತು ಎಂದು ಅಬ್ಬಾ ನಂಬಿದ್ದರೆ, ಕಾಯಿಲೆ ಹೋದರೆ ಗಣಿತವೂ ಹೋಗುತ್ತದೆ ಎಂದು ಅವಳು ನಂಬಿದ್ದಳು. ಗಣಿತವೇ ಹೋದ ಮೇಲೆ ಪುಸ್ತಕ ಇದ್ದರೆಷ್ಟು, ಹೋದರೆಷ್ಟು. "ಗುಳಿಗೆ ನುಂಗಿದ್ರ ತಲೆ ಒಳಗ ಗೋದಾಮಿನ ಧೂಳು ಕಣೇ," ಎಂದಳು ಒಮ್ಮೆ. "ಅದು ಏರಿದಾಗ ಎಲ್ಲಾ ಲೆಕ್ಕ ತಾವೇ ಬಂದು ಮುಂದೆ ನಿಲ್ತಿದ್ವು. ಈಗ ಕರೆದ್ರೂ ಬರಲ್ಲ." ಗಣಿತ ಬೇಕೆಂದು ಎರಡು ಸಲ ಕದ್ದುಮುಚ್ಚಿ ಗುಳಿಗೆ ಬಿಟ್ಟಳು, ಎರಡು ಸಲವೂ ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಸೋತು ಒಪ್ಪಿಕೊಂಡಳು. ಗುಳಿಗೆ ಇರಲಿ, ಗಣಿತ ಬೇಡ. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅವಳು ಏನನ್ನು ಬಿಟ್ಟುಕೊಟ್ಟಳು ಎಂದು ಯಾರೂ ಕೇಳಲಿಲ್ಲ.

ಹೀಗೆ ವರ್ಷಗಳು ಹೋದವು. ಡಾಕ್ಟರು ಹೇಳಿದ ಸ್ವಲ್ಪ ದಿನವನ್ನು ನಾವು ಎಳೆದೂ ಎಳೆದೂ ಅಷ್ಟುದ್ದ ಮಾಡಿದ್ದೆವು. ಆಪಾ ಭಟ್ಟಿಯಲ್ಲಿ ಅಬ್ಬಾಗೆ ಕೈಜೋಡಿಸಿದಳು. ದಬ್ಬಳ, ಸುತಲಿ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಅಳತೆಪಟ್ಟಿ ಇಟ್ಟಂತೆ ಇರುತ್ತಿತ್ತು. ಚೆನ್ನಾಗಿ ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ನಾನು ತಮಾಷೆ ಮಾಡಿದರೆ ನಗುತ್ತಿದ್ದಳು. ಓಣಿಯ ಮಕ್ಕಳು ಲೆಕ್ಕ ಕೇಳಲು ಬಂದರೆ ಮಾತ್ರ, "ನನ್ನ ತಂಗೀನ್ನ ಕೇಳ್ರಿ," ಎಂದು ನನ್ನ ಕಡೆ ತೋರಿಸುತ್ತಿದ್ದಳು. ನನ್ನನ್ನು ಕೇಳಿದ ಮಕ್ಕಳ ಗತಿ ಹೇಳಬೇಕಿಲ್ಲ.

ನನಗೆ ಮದುವೆಯಾಯಿತು. ಗಂಡನ ಮನೆ ದೇವರಾಜ ಅರಸು ಬಡಾವಣೆಯಲ್ಲಿ, ಸಿಟಿ ಬಸ್ಸು ಹತ್ತಿದರೆ ತವರು. ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಮ್ಮಿಯ ಮನೆಗೆ ಬಂದೆ. ಅಲ್ಲಿ ನಾನು, ಈ ಬಾಯಿಬಡುಕಿ, ಸುಮ್ಮನಾದೆ.

ಮೊದಲ ದಿನಗಳಲ್ಲಿ ಯಾರೂ ಗಮನಿಸಲಿಲ್ಲ. ಮನೆ ಸ್ವಲ್ಪ ಶಾಂತವಾಗಿದೆ ಅಂದುಕೊಂಡಿರಬೇಕು. ಮಗು ಅತ್ತರೆ ಎತ್ತಿಕೊಳ್ಳಬೇಕು ಅನ್ನಿಸುತ್ತಿರಲಿಲ್ಲ. ಅನ್ನ ಮಣ್ಣಿನಂತಿತ್ತು. ಅಷ್ಟು ಚಂದದ ಕೂಸನ್ನು ನೋಡಿ ನನಗೆ ಬರುತ್ತಿದ್ದದ್ದು ಒಂದೇ ಯೋಚನೆ, ಇದಕ್ಕೆ ಬೇರೆ ಅಮ್ಮ ಸಿಕ್ಕಿದ್ದರೆ ಒಳ್ಳೆಯದಿತ್ತು ಎಂದು. ಅಮ್ಮಿ ದೃಷ್ಟಿ ತೆಗೆದಳು, ದರ್ಗಾದಿಂದ ದಾರ ತಂದು ಕಟ್ಟಿದಳು. ಬಂದವರು, ಹೆತ್ತ ಮೇಲೆ ಹೀಗೆಲ್ಲ ಇರುತ್ತೆ ಅಂದರು.

ಆಪಾ ಒಂದು ಬೆಳಗ್ಗೆ ದಬ್ಬಳವನ್ನು ದಾರದ ಉಂಡೆಗೆ ಚುಚ್ಚಿಟ್ಟು ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತಳು. ಯಾಕೆ ಹಿಂಗಿದೀಯ ಅಂತ ಕೇಳಲಿಲ್ಲ.

"ಭಾರ ಯಾವಾಗ ಹೆಚ್ಚು? ಎದ್ದ ಕೂಡ್ಲೇನಾ, ಸಂಜಿಗಾ?"

ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಎದ್ದ ಕೂಡ್ಲೆ," ಎಂದೆ, ಅಷ್ಟು ದಿನದ ಮೇಲೆ ನನ್ನ ದನಿ ನನಗೇ ಕೇಳಿಸಿತು.

"ಹೂಂ. ಗೊತ್ತು ನನಗ. ಏಳು, ಡಾಕ್ಟ್ರ ಹತ್ರ ಹೋಗಣ."

ಆಟೋದಲ್ಲಿ ಎಲ್ಲರೂ ಬಂದರು. ಅಬ್ಬಾ ಡ್ರೈವರಿನ ಪಕ್ಕ ಅರ್ಧ ಹೊರಗೆ, ಅಮ್ಮಿಯ ತೊಡೆಯ ಮೇಲೆ ಮಗು, ನಡುವೆ ಆಪಾಳ ಹೆಗಲಿಗೆ ತಲೆ ಕೊಟ್ಟು ನಾನು. ಕೆ.ಬಿ. ಬಡಾವಣೆಯ ಅದೇ ಡಾಕ್ಟರು, ಅದೇ ಕುರ್ಚಿ. ನನ್ನನ್ನು ನಿಧಾನವಾಗಿ ಮಾತಾಡಿಸಿದರು, ಇದು ಬಾಣಂತಿಯರಿಗೆ ಬರುವ ಖಿನ್ನತೆ, ಗುಳಿಗೆ ತಗೊಂಡರೆ ವಾಸಿಯಾಗುತ್ತದೆ ಎಂದರು. ಆಗ ಅಮ್ಮಿಗೆ ತಡೆಯಲಾಗಲಿಲ್ಲ.

"ಅದ್ಹೆಂಗ್ರೀ ಡಾಕ್ಟ್ರೆ? ದೊಡ್ಡಾಕಿ ಓದಿದ್ಲು, ಬಂತು, ಒಪ್ಪಿದ್ವಿ. ಇವಳು ಓದೇ ಇಲ್ಲ! ಹತ್ತನೇ ಕ್ಲಾಸು ಎರಡು ಸಲ ಕಟ್ಟಿದಾಕಿ! ಪುಸ್ತಕ ಕಂಡ್ರೆ ನಿದ್ದೆ ಮಾಡ್ತಿದ್ಲು! ಇವಳಿಗೆ ಹೆಂಗೆ ಬಂತು?"

ಮೊದಲು ಆಪಾ ನಕ್ಕಳು, ತಡೆದುಕೊಳ್ಳಲು ಹೋಗಿ ಮೂಗಿನಿಂದ. ಆಮೇಲೆ ನಾನು. ಎಷ್ಟೋ ದಿನಗಳ ಮೇಲೆ ಬಂದ ಆ ನಗು ಅಳುವಾಯಿತು, ಮತ್ತೆ ನಗುವಾಯಿತು. ನನ್ನ ಮಾನವನ್ನು ಹೀಗೆ ಡಾಕ್ಟರ ಮುಂದೆ ಹರಾಜು ಹಾಕಿದ್ದಕ್ಕೆ ಅಮ್ಮಿಯ ಮೇಲೆ ಇವತ್ತಿಗೂ ನನಗೆ ಪ್ರೀತಿ ಇದೆ.

ಡಾಕ್ಟರೂ ನಕ್ಕರು. "ಮಾರ್ಕ್ಸ್ ಕಾರ್ಡ್ ನೋಡಿ ಕಾಯಿಲೆ ಬರಲ್ಲಮ್ಮ. ತುಂಬ ಜಾಣರಿಗೆ ಇದು ಹೆಚ್ಚು ಬರುತ್ತೆ ಅಂತ ಹೇಳೋರು ಇದಾರೆ, ಇಲ್ಲ ಅನ್ನೋರೂ ಇದಾರೆ. ನನ್ನನ್ನ ಕೇಳಿದ್ರೆ ಈ ಕುರ್ಚೀಲಿ ಎಲ್ಲ ಥರದೋರೂ ಕೂತಿದಾರೆ. ನಿಮ್ಮ ದೊಡ್ಡ ಮಗಳಿಗೆ ಕೆಟ್ಟದ್ದು ಅಂದ್ರೆ ನಿದ್ದೆಗೆಡೋದು, ಗುಳಿಗೆ ಬಿಡೋದು. ಓದೋದಲ್ಲ." ಆಮೇಲೆ ಆಪಾಳ ಕಡೆ ತಿರುಗಿ, ಊಟ ಆಯಿತಾ ಎಂದು ಕೇಳುವಷ್ಟೇ ಸಲೀಸಾಗಿ, "ನಿಮ್ಮ ಎಂ.ಎಸ್ಸಿ. ಯಾವಾಗ ಮುಗೀತು?" ಎಂದರು.

"ಮುಗಿಸಲಿಲ್ಲ ಮೇಡಂ. ಬಿಟ್ಟೆ."

"ಯಾಕೆ? ನಾನು ಬಿಡಿ ಅಂದಿದ್ನಾ?"

ಇಷ್ಟು ವರ್ಷ ತಿಂಗಳಿಗೊಮ್ಮೆ ಈ ಕೋಣೆಗೆ ಬಂದು ಹೋಗಿದ್ದೆವು. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಕೈ ನಡುಗುತ್ತಾ, ಎಲ್ಲ ಹೇಳಿದ್ದೆವು. ಪುಸ್ತಕ ಹೊರಗೆ ಹಾಕಿದ್ದನ್ನು ಮಾತ್ರ ಹೇಳಿರಲಿಲ್ಲ. ನಮಗೆ ಅದು ಔಷಧದ ಒಂದು ಭಾಗವೇ ಆಗಿಹೋಗಿತ್ತು, ಅದರಲ್ಲಿ ಹೇಳುವುದೇನು ಅಂದುಕೊಂಡಿದ್ದೆವು. ಅಬ್ಬಾ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು.

ಮರುದಿನ ಬೆಳಗ್ಗೆ, "ಕಡರನಾಯಕನಹಳ್ಳಿ ಕಡೆ ಭತ್ತ ನೋಡ್ಕೊಂಡು ಬರ್ತೀನಿ," ಎಂದು ಹೊರಟರು. ಅದು ಹರಿಹರ ತಾಲ್ಲೂಕಿನ ಹಳ್ಳಿ, ಭತ್ತಕ್ಕೆಂದು ಅವರು ಆಗಾಗ ಹೋಗುವುದಿತ್ತು. ಸಂಜೆ ಬಂದದ್ದು ಗೂಡ್ಸ್ ಗಾಡಿಯಲ್ಲಿ. ಹಿಂದೆ ಆ ಮಂಡಕ್ಕಿ ಚೀಲಗಳು, ಮುಂದೆ ಡ್ರೈವರಿನ ಪಕ್ಕ ಬುರ್ಖಾ ಸರಿಪಡಿಸಿಕೊಳ್ಳುತ್ತಾ ಫುಪ್ಪು. ನಮ್ಮ ಹಮಾಲಿಗೆ ಅಷ್ಟೊತ್ತಿಗೆ ತಲೆ ಅರ್ಧ ಬೆಳ್ಳಗಾಗಿತ್ತು. ಆದರೂ ಚೀಲ ನೋಡಿದ ಕೂಡಲೇ ಗುರುತು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. "ನಾ ಒಬ್ನೇ ಎತ್ತಲ್ರೀ ಸಾಹೇಬ್ರೆ, ಇದು ಆ ಮಂಡಕ್ಕಿ ಐತೆ!"

ಗೋದಾಮಿನಲ್ಲಿ ಆಪಾ ತಾನೇ ಚೀಲದ ಹೊಲಿಗೆ ಬಿಚ್ಚಿದಳು. ಅಟ್ಟದಲ್ಲಿ ಅಷ್ಟು ಮಳೆಗಾಲ ಕಳೆದ ಪುಸ್ತಕ, ಗೆದ್ದಲು ತಿಂದು ಪುಡಿಯಾಗಿರುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಒಂದೊಂದಾಗಿ ಹೊರಗೆ ಬಂದವು. ಹಾಳೆ ಹಳದಿಯಾಗಿತ್ತು, ಅಷ್ಟೇ. ನಡುನಡುವೆ ಒಣಗಿದ ಬೇವಿನೆಲೆ. ಆಪಾ ಒಂದು ಎಲೆ ಕೈಗೆ ತಗೊಂಡು ಫುಪ್ಪುವಿನ ಮುಖ ನೋಡಿದಳು.

"ನನ್ನ ಯಾಕ ನೋಡ್ತೀಯ?" ಎಂದಳು ಫುಪ್ಪು. "ನನಗೆಲ್ಲಿ ಪುರಸೊತ್ತು. ನಿಮ್ಮಪ್ಪ ಭತ್ತ ನೋಡಾಕ ಬಂದಾಗೆಲ್ಲ ಅಟ್ಟ ಹತ್ತತಿದ್ದ. ಒಂದೊಂದೇ ಬಿಚ್ಚಿ ಬಿಸಿಲಿಗಿಟ್ಟು, ಮಗ್ಗಲು ಬದಲಿಸಿ, ಎಲೆ ಹಾಕಿ, ಮತ್ತ ಚೀಲಕ್ಕ ತುಂಬ್ತಿದ್ದ. ನಾ ಕೇಳಿದ್ರ, ಹುಷಾರಾದ ಮ್ಯಾಲ ಕೇಳ್ತಾಳ ಅಂತಿದ್ದ. ಇವಳು ಕೇಳ್ಲಿಲ್ಲ, ಅವನು ಹೇಳ್ಲಿಲ್ಲ. ಇಬ್ರೂ ಸರಿಹೋದ್ರಿ!"

ಅಬ್ಬಾ ಆ ಹೊತ್ತಿಗೆ ಭಟ್ಟಿಯ ಕಡೆ ಹೋಗಿಬಿಟ್ಟಿದ್ದರು, ಅಲ್ಲಿ ಏನೋ ಬಹಳ ಕೆಲಸವಿದ್ದವರ ಹಾಗೆ. ನಾನು ಮಗಳನ್ನು ಎದೆಗವುಚಿಕೊಂಡು ಅಳುತ್ತಿದ್ದೆ. ಅವತ್ತು ಅವಳನ್ನು ನಾನೇ ಎತ್ತಿಕೊಂಡಿದ್ದೆ, ಯಾರೂ ಹೇಳದೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಆಪಾ ಓದಿ ಬೈಯುತ್ತಾಳೆ. ಅವಳು ಮರುದಿನ ಒಂದು ಪುಸ್ತಕ ತೆಗೆದು, ಹಿಂದೆ ಆಟವಾಡಿದ ಹಾಗೆ ಮಾಡುತ್ತಿದ್ದ ಒಂದು ಲೆಕ್ಕ ಹಿಡಿದು ಕೂತಳು. ಬರಲಿಲ್ಲ. ಸಂಜೆಯವರೆಗೆ ಕೂತಳು. ಕೊನೆಗೆ ಪುಸ್ತಕ ಮುಚ್ಚಿ ಭಟ್ಟಿಗೆ ಬಂದು, ಅಬ್ಬಾನ ಮುಂದೆ ನಿಂತು, ಸಣ್ಣ ಹುಡುಗಿಯ ಹಾಗೆ ಬಿಕ್ಕಿದಳು. "ಹೋಯ್ತು ಅಬ್ಬಾ. ಒಂದೂ ಬರ್ತಿಲ್ಲ. ನೀವು ಯಾಕ ತಂದ್ರಿ ಅವನ್ನ?"

ಅಬ್ಬಾ ಜರಡಿ ಕೆಳಗಿಟ್ಟರು. "ಭಟ್ಟಿ ನಿಲ್ಸಿ ಮತ್ತ ಹಚ್ಚಿದ್ರ ಮೊದಲನೇ ಒಬ್ಬೆ ಯಾವತ್ತಾದ್ರೂ ಅರಳೈತೇನು?" ಎಂದರು. "ಮರಳು ಕಾಯಬೇಕಲ್ಲ ಬೇಟಾ. ಮೊದಲನೇದನ್ನ ನಾವು ಕೋಳಿಗೆ ಹಾಕ್ತೀವಿ. ಎರಡನೇದೂ ಹಾಕ್ತೀವಿ. ಅಕ್ಕಿ ಕೆಟ್ಟೈತೆ ಅಂತ ಯಾರಾದ್ರೂ ಅಂತಾರೇನು?" ಆಮೇಲೆ ಅವಳ ಮುಖ ನೋಡದೆ, "ಉರಿ ಪೂರಾ ತೆಗೀಬಾರದಿತ್ತು. ನನಗ ಭಟ್ಟಿ ಒಂದೇ ಗೊತ್ತು," ಎಂದರು.

ಆಪಾ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು, ಬಿಸಿ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಒಳಗೆ ಹೋದಳು. ಎಷ್ಟೋ ಒಬ್ಬೆಗಳು ಕೋಳಿಗೆ ಹೋದ ಮೇಲೆ ಒಂದು ಲೆಕ್ಕ ಬಂತು. ಹಿಂದಿನಂತೆ ತಾನೇ ಬಂದು ನಿಲ್ಲುವುದಿಲ್ಲವಂತೆ, ಕೈ ಹಿಡಿದು ಕರೆದುಕೊಂಡು ಬರಬೇಕಂತೆ, ಆದರೆ ಬರುತ್ತದೆ. ಬಿಟ್ಟ ಪರೀಕ್ಷೆಗೆ ಈ ವರ್ಷ ಮತ್ತೆ ಕಟ್ಟಿದ್ದಾಳೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ಫೇಲಾದರೆ ಮಂಡಕ್ಕಿ ಸುರಿದು ಪಾಠ ಹೇಳಲು ನಾನಿದ್ದೇನೆ, ಆ ವಿಷಯದಲ್ಲಿ ನನಗೆ ಅನುಭವವಿದೆ.

ಅಬ್ಬಾ ಇಷ್ಟು ವರ್ಷ ದಿನಾ ಸಂಜೆ ಭಟ್ಟಿಯಿಂದ ಬಂದು ಕೈಕಾಲು ತೊಳೆದು ಆಪಾಳನ್ನು ಒಂದೇ ಮಾತು ಕೇಳುತ್ತಿದ್ದರು, "ಗುಳಿಗೆ ತಗೊಂಡ್ಯಾ?" ಈಗ ಎರಡು ಕೇಳುತ್ತಾರೆ. "ಗುಳಿಗೆ ತಗೊಂಡ್ಯಾ? ಲೆಕ್ಕ ಬಂತಾ?" ಎರಡಕ್ಕೂ ಅವಳು ಹೂಂ ಅಂದ ದಿನ ಅವರು ಎರಡು ರೊಟ್ಟಿ ಹೆಚ್ಚು ತಿನ್ನುತ್ತಾರೆ. ಆಮೇಲೆ ಗಂಡನ ಮನೆಯಲ್ಲಿರುವ ನನಗೆ ಫೋನು ಮಾಡುತ್ತಾರೆ. ಗುಳಿಗೆ ತಗೊಂಡ್ಯಾ ಎಂದು ಕೇಳುತ್ತಾರೆ, ಹೂಂ ಅನ್ನುತ್ತೇನೆ, ಎರಡನೇ ಪ್ರಶ್ನೆಗೆ ಕಾಯುತ್ತೇನೆ. ಅದನ್ನು ನನಗೆ ಕೇಳುವುದಿಲ್ಲ. "ನಿನ್ನ ಮಗಳಿಗೆ ಫೋನ್ ಕೊಡು," ಅನ್ನುತ್ತಾರೆ. ಅವಳಿಗೆ ಈಗ ಮಾತು ಬರುತ್ತದೆ, ಒಂದರಿಂದ ಹತ್ತರವರೆಗೆ ಎಣಿಸುತ್ತಾಳೆ, ಏಳನ್ನು ಬಿಟ್ಟು. ಅಬ್ಬಾ ಪೂರ್ತಿ ಕೇಳಿಸಿಕೊಂಡು, "ಶಾಬಾಶ್, ಇನ್ನೊಂದ್ಸಲ ಹೇಳು," ಅನ್ನುತ್ತಾರೆ.